ನಡುಗಡಲಿನ ಗಣಿತ: ನಕ್ಷತ್ರ ನೋಡಿ ದಾರಿ ಹುಡುಕುವವರ ಕೈಯಲ್ಲಿ ಕ್ಯಾಲ್ಕುಲೇಟರ್

ನಾಲ್ಕೂ ದಿಕ್ಕಿಗೆ ನೀರೇ ಇರುವ ಕಡೆ ಹಡಗು ಎಲ್ಲಿದೆ ಎಂದು ತಿಳಿಯಲು ಮೂರು ಕೆಲಸ ಆಗಬೇಕು. ಸೂರ್ಯನೋ ನಕ್ಷತ್ರವೋ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಬೇಕು. ಅಳೆದ ಆ ಕ್ಷಣದಲ್ಲಿ ಆ ಕಾಯ ಭೂಮಿಯ ಯಾವ ಜಾಗದ ನೆತ್ತಿಯ ಮೇಲಿತ್ತು ಎಂದು ಗೊತ್ತಿರಬೇಕು. ಇವೆರಡನ್ನೂ ಇಟ್ಟುಕೊಂಡು ಗೋಳದ ಮೇಲಿನ ಒಂದು ತ್ರಿಕೋನವನ್ನು ಬಿಡಿಸಬೇಕು. ಮೊದಲನೆಯದು ಕೋನ ಅಳೆಯುವ ಸೆಕ್ಸ್‌ಟೆಂಟ್ ಹಿಡಿದ ಕಣ್ಣು-ಕೈಗಳ ಕೆಲಸ, ಎರಡನೆಯದು ಪಂಚಾಂಗದ್ದು, ಮೂರನೆಯದು ಶುದ್ಧ ಗಣಿತ. 1970ರ ದಶಕದಲ್ಲಿ ಜೇಬಿನ ಕ್ಯಾಲ್ಕುಲೇಟರ್ ಹಡಗು ಹತ್ತಿದಾಗ ಈ ಮೂರೂ ಒಂದೇ ರೀತಿ ಬದಲಾಗಲಿಲ್ಲ. ತ್ರಿಕೋನ ಒಂದೇ ಏಟಿಗೆ ಸುಲಭವಾಯಿತು. ಪಂಚಾಂಗವನ್ನು ಯಂತ್ರದೊಳಗೆ ತುಂಬಲು ಇಪ್ಪತ್ತು ವರ್ಷದ ಜಾಣತನ ಬೇಕಾಯಿತು. ಕಣ್ಣಿನ ಕೆಲಸ ಇದ್ದಲ್ಲೇ ಉಳಿಯಿತು. ಈ ಅಸಮಾನತೆಯನ್ನು ಗಮನಿಸದೆ ಕ್ಯಾಲ್ಕುಲೇಟರನ್ನು ಹೊಗಳಿದವರೂ ತೆಗಳಿದವರೂ ವಿಷಯದ ಅರ್ಧವನ್ನಷ್ಟೇ ಕಂಡಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಹಿಂದೆ ಈ ಲೆಕ್ಕ ಎಷ್ಟು ಭಾರವಾಗಿತ್ತೆಂದು ಮೊದಲು ನೋಡೋಣ. 1837ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಪ್ಟನ್ ಥಾಮಸ್ ಸಮ್ನರ್ ಐರ್ಲೆಂಡಿನ ಬಳಿ ಮೋಡದ ಬಿರುಕಿನಲ್ಲಿ ಕ್ಷಣಕಾಲ ಕಂಡ ಸೂರ್ಯನನ್ನು ಅಳೆದ. ತನ್ನ ಅಕ್ಷಾಂಶ ಖಚಿತವಿಲ್ಲದ್ದರಿಂದ ಬೇರೆಬೇರೆ ಅಕ್ಷಾಂಶ ಊಹಿಸಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದ. ಬಂದ ಬಿಂದುಗಳೆಲ್ಲ ನಕ್ಷೆಯ ಮೇಲೆ ಒಂದೇ ಗೆರೆಯಲ್ಲಿ ಬಿದ್ದವು. ಒಂದು ಅಳತೆಯಿಂದ ಸಿಗುವುದು ಒಂದು ಜಾಗವಲ್ಲ, ಒಂದು ಗೆರೆ ಎಂಬ ತಿಳಿವು ಅಲ್ಲಿಂದ ಬಂತು. 1875ರಲ್ಲಿ ಫ್ರೆಂಚ್ ನೌಕಾಪಡೆಯ ಮಾರ್ಕ್ ಸೇಂಟ್ ಹಿಲೇರ್ ಅದನ್ನು ಇಂದಿಗೂ ಬಳಕೆಯಲ್ಲಿರುವ ರೂಪಕ್ಕೆ ತಂದ: ನಾವು ಇರಬಹುದಾದ ಜಾಗ ಒಂದನ್ನು ಊಹಿಸು, ಅಲ್ಲಿಂದ ಸೂರ್ಯ ಎಷ್ಟು ಎತ್ತರಕ್ಕೆ ಕಾಣಬೇಕಿತ್ತೆಂದು ಲೆಕ್ಕ ಹಾಕು, ನಿಜವಾಗಿ ಅಳೆದ ಎತ್ತರದೊಡನೆ ಹೋಲಿಸು. ವ್ಯತ್ಯಾಸ ಎಷ್ಟು ಕಲೆಯೋ ಅಷ್ಟು ನಾಟಿಕಲ್ ಮೈಲಿ ನೀನು ಸೂರ್ಯನ ಕಡೆಗೆ ಅಥವಾ ಸೂರ್ಯನಿಂದ ದೂರಕ್ಕೆ ಸರಿದಿದ್ದೀಯ. ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ನಮ್ಮ ಪಂಚಾಂಗದವರು ಕಲೆ ಎನ್ನುತ್ತಾರೆ. ಭೂಮಿಯ ಮೇಲೆ ಅದು 1,852 ಮೀಟರ್, ಅಂದರೆ ಒಂದು ನಾಟಿಕಲ್ ಮೈಲಿ. ಈ ವ್ಯತ್ಯಾಸಕ್ಕೆ ನಾವಿಕರು ಇಂಟರ್‌ಸೆಪ್ಟ್ ಎನ್ನುತ್ತಾರೆ.

ವಿಧಾನ ಚೆಂದವಾದದ್ದು, ಆದರೆ ಅದರ ಗುಣಾಕಾರಗಳು ಲಾಗರಿದಮ್ ಕೋಷ್ಟಕಗಳ ಮೂಲಕವೇ ಆಗಬೇಕಿತ್ತು. ಓಲಾಡುವ ಹಡಗಿನಲ್ಲಿ, ಎಣ್ಣೆ ದೀಪದ ಬೆಳಕಿನಲ್ಲಿ, ಐದಂಕಿಯ ಲಾಗ್‌ಗಳನ್ನು ಕೂಡಿ ಕಳೆಯುವುದು ತಪ್ಪಿಗೆ ಆಹ್ವಾನ. ಇಪ್ಪತ್ತನೇ ಶತಮಾನದಲ್ಲಿ ತ್ರಿಕೋನವನ್ನು ಮೊದಲೇ ಬಿಡಿಸಿಟ್ಟ ಕೋಷ್ಟಕಗಳು ಬಂದವು. ಅಮೆರಿಕದ 229ನೇ ಪ್ರಕಟಣೆ ಇವುಗಳಲ್ಲಿ ದೊಡ್ಡದು: ಆರು ದಪ್ಪ ಸಂಪುಟ, ಒಂದೊಂದೂ ಹದಿನೈದು ಡಿಗ್ರಿ ಅಕ್ಷಾಂಶಕ್ಕೆ. ಆದರೆ ಕೋಷ್ಟಕಕ್ಕೆ ಪೂರ್ಣ ಡಿಗ್ರಿಗಳೇ ಬೇಕು. ಹಾಗಾಗಿ ನಾವಿಕ ತಾನಿದ್ದೇನೆಂದು ನಂಬುವ ಜಾಗವನ್ನು ಬಿಟ್ಟು, ಕೋಷ್ಟಕಕ್ಕೆ ಹೊಂದುವ ಬೇರೊಂದು ಜಾಗವನ್ನು ಊಹಿಸಬೇಕಿತ್ತು. ಇಂಟರ್‌ಸೆಪ್ಟ್ ಇಪ್ಪತ್ತು-ಮೂವತ್ತು ಮೈಲಿಯಷ್ಟು ಉದ್ದ ಬರಬಹುದಿತ್ತು. ಅದು ಹಡಗು ಸರಿದದ್ದೋ, ಲೆಕ್ಕದ ತಪ್ಪೋ, ಕೇವಲ ಊಹೆಯ ಜಾಗದ ಪರಿಣಾಮವೋ ಎಂದು ನೋಡಿದೊಡನೆ ಹೇಳುವಂತಿರಲಿಲ್ಲ.

1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಚ್‌ಪಿ-35 ಬಂತು. ಸೈನ್, ಕೊಸೈನ್ ಗುಂಡಿಗಳಿದ್ದ, ಜೇಬಿಗೆ ಹಿಡಿಸುವ ಮೊದಲ ಯಂತ್ರ. ಬೆಲೆ 395 ಡಾಲರ್. ಲಾಗ್ ಕೋಷ್ಟಕದ ಕಾಲ ಅಂದೇ ಮುಗಿಯಿತೆನ್ನಬಹುದು. ಆದರೆ ನಾವಿಕರ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು 1974ರ ಎಚ್‌ಪಿ-65. ಮಾಡಬೇಕಾದ ಹೆಜ್ಜೆಗಳನ್ನು ಒಮ್ಮೆ ಕಲಿಸಿಟ್ಟರೆ, ಚೂಯಿಂಗ್ ಗಮ್ ಪಟ್ಟಿಯಷ್ಟು ಚಿಕ್ಕ ಕಾಂತೀಯ ಕಾರ್ಡಿನಲ್ಲಿ ಅದನ್ನು ಉಳಿಸಿಕೊಂಡು ಬೇಕಾದಾಗ ಓದಿಸಬಹುದಿತ್ತು. ನೂರು ಹೆಜ್ಜೆಗಳ ನೆನಪು, 795 ಡಾಲರ್ ಬೆಲೆ. 1975ರ ಅಪೋಲೊ-ಸೊಯುಜ್ ಯಾನದಲ್ಲಿ ಗಗನಯಾತ್ರಿಗಳು ಇದನ್ನು ಒಯ್ದಿದ್ದರು. ಮರುವರ್ಷ ಎಚ್‌ಪಿ-67, 1977ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-59, 1979ರಲ್ಲಿ ಎಚ್‌ಪಿ-41ಸಿ. ಟಿಐ-59ರ ಬೆನ್ನಿಗೆ ಸಿಕ್ಕಿಸುವ ಬೆರಳುಗುರಿನಷ್ಟು ಮಾಡ್ಯೂಲ್‌ಗಳಲ್ಲಿ ಒಂದು ನೌಕಾಯಾನಕ್ಕೇ ಮೀಸಲಾಗಿತ್ತು. ಎಚ್‌ಪಿ-41ಕ್ಕೂ ನ್ಯಾವಿಗೇಷನ್ ಪ್ಯಾಕ್ ಇತ್ತು. ಹಡಗಿನವರು ಹೆಚ್ಚು ಮೆಚ್ಚಿದ್ದು ಎಚ್‌ಪಿ-41ನ್ನು. ಕೆಂಪು ದೀಪದಂಕಿಗಳ ಹಳೆಯ ಯಂತ್ರಗಳು ಬ್ಯಾಟರಿಯನ್ನು ಗಂಟೆಗಳಲ್ಲಿ ಹೀರುತ್ತಿದ್ದವು, ಆರಿಸಿದರೆ ಪ್ರೋಗ್ರಾಂ ಮಾಯ. ಇದಕ್ಕೆ ಹರಳು ಪರದೆಯಿತ್ತು, ಆರಿಸಿದರೂ ನೆನಪು ಉಳಿಯುತ್ತಿತ್ತು, ಪರದೆಯ ಮೇಲೆ ಅಕ್ಷರಗಳು ಮೂಡುತ್ತಿದ್ದವು. ಯಾವ ಸಂಖ್ಯೆ ಕೊಡಬೇಕೆಂದು ಯಂತ್ರವೇ ಹೆಸರು ಹೇಳಿ ಕೇಳುವಂತೆ ಪ್ರೋಗ್ರಾಂ ಬರೆಯಲು ಆಗ ಸಾಧ್ಯವಾಯಿತು. ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ನಿಂತ ಅಧಿಕಾರಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಬೇರೆ ಹೇಳಬೇಕಿಲ್ಲ.

ಈಗ ಒಂದು ಲೆಕ್ಕವನ್ನೇ ಮಾಡಿ ನೋಡೋಣ. ಮಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು ಐವತ್ತು ಮೈಲಿ ಹೊರಗೆ, ಉತ್ತರ ಅಕ್ಷಾಂಶ 13 ಡಿಗ್ರಿ, ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ ಹಡಗು ಇದೆಯೆಂದು ನಮ್ಮ ಅಂದಾಜು. ಮೇ ತಿಂಗಳ ಮೂರನೇ ವಾರ, ಬೆಳಿಗ್ಗೆ ಸುಮಾರು 9.50. ಸೂರ್ಯನ ಕ್ರಾಂತಿ, ಅಂದರೆ ಸಮಭಾಜಕದಿಂದ ಅವನಿರುವ ಕೋನದೂರ, ಉತ್ತರಕ್ಕೆ 20 ಡಿಗ್ರಿ. ನಮ್ಮ ನಡುನೆತ್ತಿಯ ಗೆರೆಯನ್ನು ಮುಟ್ಟಲು ಅವನಿಗೆ ಇನ್ನೂ 40 ಡಿಗ್ರಿ ಇದೆ, ಅಂದರೆ ಆ ಗೆರೆಯಿಂದ ಪಶ್ಚಿಮಕ್ಕೆ ಎಣಿಸುವ ಸ್ಥಳೀಯ ಹೋರಾಕೋನ 320 ಡಿಗ್ರಿ. ಸೆಕ್ಸ್‌ಟೆಂಟಿನಲ್ಲಿ ಸೂರ್ಯನ ಕೆಳ ಅಂಚನ್ನು ದಿಗಂತಕ್ಕೆ ತಾಗಿಸಿದಾಗ ಬಂದ ಓದು 51 ಡಿಗ್ರಿ 0.7 ಕಲೆ.

ಮೊದಲು ಈ ಓದನ್ನು ಶುದ್ಧಗೊಳಿಸಬೇಕು. ಕಣ್ಣು ನೀರಿನಿಂದ ಒಂಬತ್ತು ಮೀಟರ್ ಎತ್ತರದಲ್ಲಿದ್ದರೆ ದಿಗಂತ ತಗ್ಗಿ ಕಾಣುತ್ತದೆ. ಎತ್ತರದ ವರ್ಗಮೂಲವನ್ನು 1.76ರಿಂದ ಗುಣಿಸಿದರೆ 5.3 ಕಲೆ, ಅದನ್ನು ಕಳೆಯಿರಿ. ಅಂಚಿನಿಂದ ಕೇಂದ್ರಕ್ಕೆ ಸೂರ್ಯನ ಅರ್ಧ ವ್ಯಾಸ 15.8 ಕಲೆ, ಕೂಡಿಸಿ. ವಾತಾವರಣ ಬೆಳಕನ್ನು ಬಾಗಿಸಿದ್ದಕ್ಕೆ 0.8 ಕಲೆ ಕಳೆದು, ಭೂಮಿಯ ಕೇಂದ್ರದಿಂದ ನೋಡಿದಂತೆ ಮಾಡಲು 0.1 ಕಲೆ ಸೇರಿಸಿ. ಸಿಗುವುದು 51 ಡಿಗ್ರಿ 10.5 ಕಲೆ. ಇನ್ನು ತ್ರಿಕೋನ. ಅಕ್ಷಾಂಶದ ಸೈನನ್ನು ಕ್ರಾಂತಿಯ ಸೈನಿನಿಂದ ಗುಣಿಸಿ. ಎರಡರ ಕೊಸೈನುಗಳನ್ನೂ ಹೋರಾಕೋನದ ಕೊಸೈನನ್ನೂ ಗುಣಿಸಿ ಅದಕ್ಕೆ ಕೂಡಿಸಿ. 0.0769 ಮತ್ತು 0.7014 ಸೇರಿ 0.7783. ಯಾವ ಕೋನದ ಸೈನ್ ಇದು? 51 ಡಿಗ್ರಿ 6.5 ಕಲೆ. ಅಳೆದದ್ದು ಇದಕ್ಕಿಂತ ನಾಲ್ಕು ಕಲೆ ಹೆಚ್ಚು. ಸೂರ್ಯ ಇರುವ ದಿಕ್ಕು ಉತ್ತರದಿಂದ ಪೂರ್ವಕ್ಕೆ 74 ಡಿಗ್ರಿ. ಎಂದರೆ ನಾವು ಅಂದಾಜಿಸಿದ ಜಾಗದಿಂದ ನಾಲ್ಕು ಮೈಲಿ ಆ ದಿಕ್ಕಿಗೆ, ಕರಾವಳಿಯ ಕಡೆಗೆ ಸರಿದಿದ್ದೇವೆ. ಅಲ್ಲಿ ಸೂರ್ಯನ ದಿಕ್ಕಿಗೆ ಅಡ್ಡಲಾಗಿ ಎಳೆದ ಗೆರೆಯ ಮೇಲೆ ಎಲ್ಲೋ ಹಡಗು ಇದೆ.

ಕ್ಯಾಲ್ಕುಲೇಟರ್ ಈ ಕೊನೆಯ ಭಾಗವನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತದೆ. ಪೂರ್ಣ ಡಿಗ್ರಿಯ ಬಂಧನವೂ ಇಲ್ಲ. ಅಂದಾಜಿನ ಜಾಗವನ್ನು ಇದ್ದ ಹಾಗೇ ಕೊಡಬಹುದು. ಇದರಿಂದಾದ ದೊಡ್ಡ ಲಾಭ ವೇಗವಲ್ಲ, ಇಂಟರ್‌ಸೆಪ್ಟ್‌ಗೆ ಅರ್ಥ ಬಂದದ್ದು. ನಾಲ್ಕು ಮೈಲಿ ಎಂದು ಬಂದರೆ ಅಂದಾಜು ನಾಲ್ಕು ಮೈಲಿ ತಪ್ಪಿದೆ ಎಂದೇ ಅರ್ಥ. ನಲವತ್ತು ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಆದರೆ ಕೋಷ್ಟಕದಲ್ಲಿ ಇಲ್ಲದ ಹೊಸ ತಪ್ಪುಗಳು ಯಂತ್ರದೊಡನೆ ಬಂದವು. ಇದೇ ಉದಾಹರಣೆಯಲ್ಲಿ ಹೋರಾಕೋನವನ್ನು 320ರ ಬದಲು 40 ಎಂದು ಒತ್ತಿದರೆ ಎತ್ತರ ಒಂದಿಷ್ಟೂ ಬದಲಾಗದು, ಏಕೆಂದರೆ ಕೊಸೈನಿಗೆ ಪೂರ್ವ-ಪಶ್ಚಿಮದ ಭೇದವಿಲ್ಲ. ದಿಕ್ಕು ಮಾತ್ರ 74ರಿಂದ 286ಕ್ಕೆ ಹಾರುತ್ತದೆ. ನಾಲ್ಕು ಮೈಲಿ ದಡದ ಕಡೆಗೆ ಬದಲು ನಾಲ್ಕು ಮೈಲಿ ಸಮುದ್ರದ ಕಡೆಗೆ. ನಕ್ಷೆಯಲ್ಲಿ ಸುಮಾರು ಎಂಟು ಮೈಲಿ ವ್ಯತ್ಯಾಸ, ಅದೂ ಅಪಾಯದ ಬದಿಗೆ. ಪರದೆಯ ಮೇಲಿನ ಸಂಖ್ಯೆ ನೋಡಲು ಅಷ್ಟೇ ಅಚ್ಚುಕಟ್ಟು. ಬೆಳಗಿನ ಸೂರ್ಯ ಪಶ್ಚಿಮದಲ್ಲಿ ಇರಲಾರ ಎಂದು ಹೊರಗೆ ಕಣ್ಣು ಹಾಯಿಸಿದವರಿಗಷ್ಟೇ ಇದು ಸಿಕ್ಕಿಬೀಳುತ್ತದೆ. ಇನ್ನೊಂದು ಬಲೆ ಕೋನ ಬರೆಯುವ ರೀತಿಯದು. ಎಚ್‌ಪಿ ಯಂತ್ರಗಳು ಡಿಗ್ರಿಯ ನಂತರ ಬಿಂದುವಿಟ್ಟು ಕಲೆಗಳನ್ನೂ ಕಲೆಯ ಅರವತ್ತನೇ ಭಾಗವಾದ ವಿಕಲೆಗಳನ್ನೂ ಕೇಳುತ್ತವೆ: 51 ಡಿಗ್ರಿ 6.5 ಕಲೆಯನ್ನು 51.0630 ಎಂದು ಒತ್ತಬೇಕು. ನಾವಿಕ ಪಂಚಾಂಗವಾದರೋ ಕಲೆಯ ಹತ್ತನೇ ಭಾಗಗಳಲ್ಲಿ ಮಾತಾಡುತ್ತದೆ. ಆತುರದಲ್ಲಿ 51.065 ಎಂದು ಕೊಟ್ಟು, ಯಂತ್ರ ಅದನ್ನು ದಶಮಾಂಶ ಡಿಗ್ರಿ ಎಂದು ತಿಳಿದರೆ 2.6 ಮೈಲಿ ಹೋಯಿತು. ಇಂಥ ತಪ್ಪು ದೊಡ್ಡದಾಗಿದ್ದರೆ ಕಾಣುತ್ತಿತ್ತು. ನಂಬಬಹುದಾದಷ್ಟು ಚಿಕ್ಕದಾಗಿರುವುದೇ ಅದರ ಕೇಡು.

ದಿಕ್ಕಿನ ಗೊಂದಲಕ್ಕೆ ಪ್ರೋಗ್ರಾಂ ಬರೆಯುವವರು ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ. ಕೊಸೈನಿನಿಂದ ಹಿಮ್ಮುಖವಾಗಿ ಕೋನ ಹುಡುಕಿದರೆ ಪೂರ್ವವೋ ಪಶ್ಚಿಮವೋ ಎಂದು ಬೇರೆ ನಿಯಮ ಬೇಕು. ಸೂರ್ಯ ನಡುನೆತ್ತಿಯ ಗೆರೆಯ ಬಳಿ ಇದ್ದಾಗ ನಿಖರತೆಯೂ ಕುಸಿಯುತ್ತದೆ. ಅದರ ಬದಲು ಉತ್ತರಕ್ಕೆಷ್ಟು, ಪೂರ್ವಕ್ಕೆಷ್ಟು ಎಂಬ ಎರಡು ಘಟಕಗಳನ್ನು ಕಂಡು, ಅವನ್ನು ದೂರ ಮತ್ತು ಕೋನವಾಗಿ ಮಾರ್ಪಡಿಸುವ ಗುಂಡಿಯನ್ನು ಒತ್ತಿದರೆ ಸಾಕು. ಸರಿಯಾದ ಕಾಲುಭಾಗದಲ್ಲೇ ಕೋನ ಸಿಗುತ್ತದೆ, ಹೆಜ್ಜೆಗಳೂ ಉಳಿಯುತ್ತವೆ. ಎಚ್‌ಪಿ-25ರಲ್ಲಿ ಇದ್ದದ್ದು 49 ಹೆಜ್ಜೆ, ಎಂಟು ನೆನಪಿನ ಗೂಡು. ಅಷ್ಟರಲ್ಲಿ ಎತ್ತರ, ದಿಕ್ಕು ಎರಡನ್ನೂ ಹೊಂದಿಸಿದವರು ತ್ರಿಕೋನವನ್ನು ಕೋಷ್ಟಕ ಬಳಸಿದ ಯಾರಿಗಿಂತಲೂ ಆಳವಾಗಿ ಅರಿತಿರಲೇಬೇಕು. ಇಕ್ಕಟ್ಟೇ ಅವರಿಗೆ ಪಾಠ ಕಲಿಸಿತು.

ನಿಜವಾದ ಸವಾಲು ಪಂಚಾಂಗ. ಬ್ರಿಟನ್ ಮತ್ತು ಅಮೆರಿಕ ಸೇರಿ ಹೊರತರುವ ನಾಟಿಕಲ್ ಅಲ್ಮನಾಕ್ ಪ್ರತಿ ಗಂಟೆಗೆ ಸೂರ್ಯ, ಚಂದ್ರ, ನಾಲ್ಕು ಗ್ರಹಗಳ ಸ್ಥಾನವನ್ನು ಕಲೆಯ ಹತ್ತನೇ ಒಂದು ಭಾಗದ ತನಕ ಕೊಡುತ್ತದೆ; ನಾವಿಕರಿಗೆಂದು ಆಯ್ದ ನಕ್ಷತ್ರಗಳು 57. ನಮ್ಮಲ್ಲೂ ಈ ಪರಂಪರೆಯಿದೆ: ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನ ಫಲವಾಗಿ 1958ರಿಂದ ಭಾರತದ್ದೇ ಎಫಿಮೆರಿಸ್, ಅಂದರೆ ಆಕಾಶಕಾಯಗಳ ಸ್ಥಾನಗಳ ಪಂಚಾಂಗ, ಹೊರಬರುತ್ತಿದೆ, ಈಗ ಅದನ್ನು ಕೋಲ್ಕತ್ತದ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ಸಿದ್ಧಪಡಿಸುತ್ತದೆ. ಇಂಥ ಪುಸ್ತಕವನ್ನು ಕೆಲವು ನೂರು ಹೆಜ್ಜೆಗಳ ಯಂತ್ರದೊಳಗೆ ಇಳಿಸುವುದು ಹೇಗೆ?

ಸೂರ್ಯ ಸುಲಭ. 2000ದ ಜನವರಿ 1ರ ಮಧ್ಯಾಹ್ನದಿಂದ ಎಷ್ಟು ದಿನ ಕಳೆದಿದೆಯೆಂದು ಎಣಿಸಿ, ದಿನಕ್ಕೆ 0.9856 ಡಿಗ್ರಿಯಂತೆ ಸರಾಸರಿ ಸ್ಥಾನ ಕಂಡು, ಭೂಮಿಯ ದೀರ್ಘವೃತ್ತದ ದಾರಿಗಾಗಿ ಎರಡು ಸೈನ್ ಪದಗಳನ್ನು ಸೇರಿಸಿದರೆ ಡಿಗ್ರಿಯ ನೂರನೇ ಒಂದು ಭಾಗದಷ್ಟು ಸರಿಯಾದ ಉತ್ತರ ಬರುತ್ತದೆ. ಮೊದಲ ಪದದ ಗುಣಕ 1.915 ಡಿಗ್ರಿ, ಎರಡನೆಯದು 0.020, ಅಷ್ಟೇ. ತಪ್ಪು ಸುಮಾರು ಅರ್ಧ ಮೈಲಿಯ ಆಸುಪಾಸು. ಚಿಕ್ಕ ದೋಣಿಯ ಮೇಲೆ ನಿಂತು ಸೆಕ್ಸ್‌ಟೆಂಟ್ ಹಿಡಿದವರ ಅಳತೆಯೇ ಎರಡು-ಮೂರು ಮೈಲಿ ಆಚೀಚೆ ಆಗುವಾಗ ಇದು ಧಾರಾಳವಾಗಿ ಸಾಕು. ನಕ್ಷತ್ರಗಳಿಗೆ ಒಂದು ಪಟ್ಟಿ ಸಾಕು, ಆದರೆ ಅಯನ ಚಲನೆಯನ್ನು ಮರೆಯಬಾರದು. ಅದರಿಂದ ನಕ್ಷತ್ರಗಳ ಸ್ಥಾನ ವರ್ಷಕ್ಕೆ 50 ವಿಕಲೆಯಷ್ಟು ಸರಿಯುತ್ತದೆ. 2000ದ ಪಟ್ಟಿಯನ್ನು ತಿದ್ದದೆ ಇಪ್ಪತ್ತೈದು ವರ್ಷದ ನಂತರ ಬಳಸಿದರೆ ಇಪ್ಪತ್ತು ಮೈಲಿಯ ತನಕ ತಪ್ಪು ಕೂಡಿಕೊಳ್ಳುತ್ತದೆ. ಪಂಚಾಂಗ ಶುದ್ಧಿಯ ವಾದಗಳನ್ನು ಕೇಳಿ ಬೆಳೆದ ನಮಗೆ ಈ ಲೆಕ್ಕ ಹೊಸದಲ್ಲ. ಚಂದ್ರ ಮಾತ್ರ ಯಾರಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಗಂಟೆಗೆ ಅರ್ಧ ಡಿಗ್ರಿಗಿಂತ ಹೆಚ್ಚು ಓಡುತ್ತಾನೆ, ಸೂರ್ಯ-ಭೂಮಿ ಇಬ್ಬರ ಎಳೆತಕ್ಕೂ ಸಿಕ್ಕಿ ತೂಗಾಡುತ್ತಾನೆ. ಬೆಲ್ಜಿಯಂನ ಜಾನ್ ಮೇಯುಸ್ 1991ರ ‘ಆಸ್ಟ್ರನಾಮಿಕಲ್ ಆಲ್ಗರಿದಮ್ಸ್’ ಪುಸ್ತಕದಲ್ಲಿ ಅವನಿಗೆ ಕೊಟ್ಟ ಪದಗಳ ಪಟ್ಟಿ ಪುಟಗಟ್ಟಲೆ ಇದೆ. ಇದೇ ಮೇಯುಸ್ 1979ರಲ್ಲೇ ಕ್ಯಾಲ್ಕುಲೇಟರ್ ಬಳಸುವವರಿಗಾಗಿ ಖಗೋಳ ಸೂತ್ರಗಳ ಪುಸ್ತಕ ಬರೆದಿದ್ದರು. ಪ್ರೋಗ್ರಾಂ ಬರೆಯುವ ಒಂದು ಇಡೀ ತಲೆಮಾರು ಅವರಿಗೆ ಋಣಿ.

ಅಧಿಕೃತ ಸಂಸ್ಥೆಗಳು ಈ ಬೆಳವಣಿಗೆಯನ್ನು ದೂರ ತಳ್ಳದೆ ಕೈಹಿಡಿದವು ಎಂಬುದನ್ನು ಮೆಚ್ಚಲೇಬೇಕು. ಅಮೆರಿಕದ ನೇವಲ್ ಅಬ್ಸರ್ವೇಟರಿ 1977ರಿಂದ ‘ಅಲ್ಮನಾಕ್ ಫಾರ್ ಕಂಪ್ಯೂಟರ್ಸ್’ ಹೊರತಂದಿತು. ಬ್ರಿಟನ್ನಿನ ನಾಟಿಕಲ್ ಅಲ್ಮನಾಕ್ ಆಫೀಸ್ 1981ರಿಂದ 1985ರ ತನಕದ ಐದು ವರ್ಷಗಳ ಆಕಾಶವನ್ನು ‘ಕಾಂಪ್ಯಾಕ್ಟ್ ಡೇಟಾ’ ಎಂಬ ತೆಳು ಪುಸ್ತಕಕ್ಕೆ ಇಳಿಸಿತು. ಗಂಟೆಗಂಟೆಯ ಸ್ಥಾನಗಳ ಬದಲು, ಆ ಸ್ಥಾನಗಳನ್ನು ಹುಟ್ಟಿಸುವ ಬಹುಪದಿಗಳ ಗುಣಕಗಳನ್ನಷ್ಟೇ ಕೊಡುವ ಉಪಾಯ ಇದು. ವಾತಾವರಣದ ಬಾಗುವಿಕೆಗೆ ಬೆನೆಟ್ 1982ರಲ್ಲಿ ಕೊಟ್ಟ ಪುಟ್ಟ ಸೂತ್ರ ಒಂದಿಡೀ ಕೋಷ್ಟಕವನ್ನು ಅನಗತ್ಯಗೊಳಿಸಿತು. ಮುಂದೆ ನಾಟಿಕಲ್ ಅಲ್ಮನಾಕೇ ತನ್ನ ಹಿಂಬದಿ ಪುಟಗಳಲ್ಲಿ ನೇರ ಗಣನೆಯ ಸೂತ್ರಗಳನ್ನು ಅಚ್ಚು ಹಾಕಿಸಿತು.

ಆ ಪುಟಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಹಲವು ಅಳತೆಗಳನ್ನು ಒಟ್ಟುಗೂಡಿಸುವ ಕ್ರಮ. ಮುಸ್ಸಂಜೆಯಲ್ಲಿ ದಿಗಂತವೂ ನಕ್ಷತ್ರವೂ ಒಟ್ಟಿಗೆ ಕಾಣುವುದು ಸ್ವಲ್ಪ ಹೊತ್ತು ಮಾತ್ರ. ಆ ಗಡುವಿನಲ್ಲಿ ಐದಾರು ನಕ್ಷತ್ರ ಅಳೆದರೆ ಐದಾರು ಗೆರೆ, ಅವು ಒಂದೇ ಬಿಂದುವಿನಲ್ಲಿ ಕೂಡುವುದೇ ಅಪರೂಪ. ಹಿಂದೆ ಕಣ್ಣಂದಾಜಿನಲ್ಲಿ ನಡುವೆ ಎಲ್ಲೋ ಚುಕ್ಕೆ ಇಡುತ್ತಿದ್ದರು. ಕನಿಷ್ಠ ವರ್ಗಗಳ ವಿಧಾನ ಎಲ್ಲ ಗೆರೆಗಳಿಗೂ ಒಟ್ಟಾರೆ ಹತ್ತಿರವಾದ ಬಿಂದುವನ್ನು ಕಂಡುಹಿಡಿಯುತ್ತದೆ. ಅದಕ್ಕೆ ಅಳತೆಗಳನ್ನೆಲ್ಲ ನೆನಪಿಡುವ ಅಗತ್ಯವೂ ಇಲ್ಲ. ಪ್ರತಿ ದಿಕ್ಕಿನ ಕೊಸೈನ್ ವರ್ಗ, ಸೈನ್ ವರ್ಗ, ಅವೆರಡರ ಗುಣಲಬ್ಧ, ಇಂಟರ್‌ಸೆಪ್ಟನ್ನು ಕೊಸೈನಿನಿಂದ ಮತ್ತು ಸೈನಿನಿಂದ ಗುಣಿಸಿದ್ದು: ಈ ಐದು ಮೊತ್ತಗಳನ್ನು ಕೂಡಿಸುತ್ತ ಹೋದರೆ ಆಯಿತು. ಅಳತೆ ಮೂರಿರಲಿ, ಮೂವತ್ತಿರಲಿ, ನೆನಪಿನ ಗೂಡು ಐದೇ. ಬಂದ ಜಾಗ ಮೊದಲ ಊಹೆಯಿಂದ ಇಪ್ಪತ್ತು ಮೈಲಿಗಿಂತ ದೂರವಿದ್ದರೆ ಅದನ್ನೇ ಹೊಸ ಊಹೆಯಾಗಿಸಿ ಮತ್ತೊಮ್ಮೆ ಮಾಡಬೇಕು. ಕಾಗದದ ಮೇಲೆ ಯಾರೂ ಮಾಡಲಾರದ ಈ ಲೆಕ್ಕ ಕ್ಯಾಲ್ಕುಲೇಟರಿನಿಂದ ನಿತ್ಯದ ಮಾತಾಯಿತು. ವೇಗಕ್ಕಿಂತ ಮಿಗಿಲಾಗಿ ಅದು ನಾವಿಕಶಾಸ್ತ್ರಕ್ಕೆ ಕೊಟ್ಟ ನಿಜವಾದ ಕೊಡುಗೆ ಇದೇ ಎನ್ನುತ್ತೇನೆ.

ಇದೇ ಹೊತ್ತಿಗೆ ಇನ್ನೊಂದು ಬಗೆಯ ಯಂತ್ರಗಳೂ ಬಂದವು. ಸೆಕ್ಸ್‌ಟೆಂಟಿಗೆ ಹೆಸರಾದ ಜಪಾನಿನ ತಮಾಯಾ ಕಂಪನಿಯ ಎನ್‌ಸಿ-77ರಂಥವು ನೌಕಾಯಾನಕ್ಕೆಂದೇ ಗುಂಡಿಗಳನ್ನು ಜೋಡಿಸಿಟ್ಟ, ಒಳಗಿನದನ್ನು ಬದಲಿಸಲಾಗದ ಕ್ಯಾಲ್ಕುಲೇಟರ್‌ಗಳು. ಗುಂಡಿ ಒತ್ತಿದರೆ ಉತ್ತರ. ದಣಿದವರಿಗೆ ಇವು ಬಹಳ ಅನುಕೂಲ. ಆದರೆ ಒಳಗೆ ಯಾವ ಸೂತ್ರವಿದೆ, ಪೂರ್ವ ಧನವೋ ಪಶ್ಚಿಮ ಧನವೋ, ಒಳಗಿನ ಪಂಚಾಂಗ ಯಾವ ವರ್ಷದ ತನಕ ನಂಬಲರ್ಹ ಎಂಬುದೆಲ್ಲ ಬಳಸುವವರ ಕೈಯಲ್ಲಿರಲಿಲ್ಲ. ನನ್ನ ಆಯ್ಕೆ ಸ್ಪಷ್ಟ: ತಾನೇ ಬರೆದ, ಕನಿಷ್ಠ ಸಾಲು ಸಾಲಾಗಿ ಓದಿ ಅರಿತ ಪ್ರೋಗ್ರಾಂ ಇರುವ ಯಂತ್ರ. ತಪ್ಪು ಬಂದಾಗ ಎಲ್ಲಿ ಹುಡುಕಬೇಕೆಂದು ಗೊತ್ತಿರುವುದು ಅದರಲ್ಲಿ ಮಾತ್ರ.

1995ರಲ್ಲಿ ಜಿಪಿಎಸ್ ಪೂರ್ಣವಾಗಿ ಕಾರ್ಯಾರಂಭ ಮಾಡಿದ ಮೇಲೆ ಇದೆಲ್ಲ ಮ್ಯೂಸಿಯಂ ಸೇರುತ್ತದೆ ಎಂದು ಹಲವರು ತಿಳಿದರು. ಅಮೆರಿಕದ ನೌಕಾ ಅಕಾಡೆಮಿ 1990ರ ದಶಕದ ಕೊನೆಯಲ್ಲಿ ನಕ್ಷತ್ರ ನೋಡಿ ದಾರಿ ಹುಡುಕುವ ಪಾಠವನ್ನು ಕೈಬಿಟ್ಟಿತು, 2015ರಲ್ಲಿ ಮತ್ತೆ ಶುರುಮಾಡಿತು. ಉಪಗ್ರಹ ಸಂಕೇತವನ್ನು ಅಡಗಿಸಬಹುದು, ನಕಲಿ ಸಂಕೇತ ಬಿಟ್ಟು ದಾರಿ ತಪ್ಪಿಸಬಹುದು ಎಂಬ ಅರಿವು ಅದಕ್ಕೆ ಕಾರಣ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳ ಉಪಕರಣಗಳು ತಾವು ರಷ್ಯಾದ ಗೆಲೆಂಜಿಕ್ ವಿಮಾನ ನಿಲ್ದಾಣದ ಬಳಿ ಇದ್ದೇವೆಂದು ತೋರಿಸಿದ್ದವು. ದಾರಿ ತೋರಿಸುವ ನಮ್ಮದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ ಮೊದಲ ಉಪಗ್ರಹದಲ್ಲಿ ಮೂರೂ ಪರಮಾಣು ಗಡಿಯಾರಗಳು ಕೆಟ್ಟದ್ದನ್ನು ಬೆಂಗಳೂರಿನ ಓದುಗರು ಮರೆತಿರಲಾರರು. ಆ ಉಪಗ್ರಹಗಳೇ ಬಾಹ್ಯಾಕಾಶದಲ್ಲಿ ತಮ್ಮ ಮುಖ ಯಾವ ಕಡೆಗಿದೆ ಎಂದು ತಿಳಿಯಲು ನಕ್ಷತ್ರಗಳನ್ನು ನೋಡುತ್ತವೆ. ಅದಕ್ಕೆ ಬೇಕಾದ ಸ್ಟಾರ್ ಸೆನ್ಸರ್‌ಗಳು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ ತಯಾರಾಗುತ್ತವೆ. ಅಲ್ಲಿಯೂ ಆಧಾರ ಅದೇ ಗೋಳದ ಗಣಿತ.

ವಾಣಿಜ್ಯ ಹಡಗುಗಳ ಅಧಿಕಾರಿಗಳು ಇಂದಿಗೂ ಈ ವಿದ್ಯೆಯನ್ನು ಕಲಿಯಲೇಬೇಕು. ಅವರ ತರಬೇತಿಯ ಅಂತಾರಾಷ್ಟ್ರೀಯ ನಿಯಮಾವಳಿಗೆ 2010ರಲ್ಲಿ ಮನಿಲಾದಲ್ಲಿ ತಂದ ತಿದ್ದುಪಡಿ ಎಲೆಕ್ಟ್ರಾನಿಕ್ ಪಂಚಾಂಗಕ್ಕೂ ಗಣನೆಯ ತಂತ್ರಾಂಶಕ್ಕೂ ಜಾಗ ಮಾಡಿಕೊಟ್ಟಿತು. ಆದರೆ ಆ ತಂತ್ರಾಂಶ ಹಡಗಿನ ಕಂಪ್ಯೂಟರಿನಲ್ಲೇ, ಅದೇ ವಿದ್ಯುತ್ತಿನ ಮೇಲೆ ಕೂತಿದ್ದರೆ ಸಂಕಟದ ಹೊತ್ತಿಗೆ ಅದೂ ಆರುತ್ತದೆ. ಸಿಡಿಲೊಂದು ಹಾಯಿದೋಣಿಯ ಎಲ್ಲ ಎಲೆಕ್ಟ್ರಾನಿಕ್ಸನ್ನೂ ಒಮ್ಮೆಲೆ ಸುಡಬಲ್ಲದು. ಸಣ್ಣ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಬದುಕುವ, ಯಾವ ತಂತಿಗೂ ಅಂಟದ, ಮುಚ್ಚಿದ ಲೋಹದ ಡಬ್ಬಿಯಲ್ಲಿ ಎತ್ತಿಡಬಹುದಾದ ಕ್ಯಾಲ್ಕುಲೇಟರಿಗೆ ಇಲ್ಲೇ ಜಾಗ. ಎಚ್‌ಪಿ-41ರ ತಯಾರಿ 1990ರಲ್ಲೇ ನಿಂತರೂ ಅದರ ಪ್ರೋಗ್ರಾಂಗಳನ್ನು ಹಾಗೆಯೇ ನಡೆಸುವ ಹೊಸ ಯಂತ್ರಗಳು ಸ್ವಿಟ್ಜರ್ಲೆಂಡಿನಿಂದ ಬರುತ್ತಿವೆ, ಮೊಬೈಲಿನಲ್ಲೂ ಅದರ ಅನುಕರಣೆಗಳಿವೆ. ಮೊಬೈಲು ಅಭ್ಯಾಸಕ್ಕೆ ಒಳ್ಳೆಯದು. ಒದ್ದೆ ಬೆರಳಿಗೆ ಸ್ಪಂದಿಸದ ಗಾಜಿನ ಪರದೆಗಿಂತ ಒತ್ತಿದ್ದು ಗೊತ್ತಾಗುವ ಗುಂಡಿಯೇ ಡೆಕ್ಕಿಗೆ ಲೇಸು.

ಹೊಸದಾಗಿ ಶುರುಮಾಡುವವರು ಈ ಕ್ರಮ ಹಿಡಿಯಲಿ ಎಂಬುದು ನನ್ನ ಆಸೆ. ಮೊದಲು ನಾಲ್ಕಾರು ಅಳತೆಗಳನ್ನು ಕಾಗದ, ಕೋಷ್ಟಕಗಳಿಂದಲೇ ಬಿಡಿಸಲಿ. ಆಮೇಲೆ ತ್ರಿಕೋನಕ್ಕೆ ತಾವೇ ಪ್ರೋಗ್ರಾಂ ಬರೆದು ಅದೇ ಉತ್ತರ ಬರುತ್ತದೆಯೇ ನೋಡಲಿ: ಸೂರ್ಯ ಪೂರ್ವದಲ್ಲಿದ್ದಾಗ, ಪಶ್ಚಿಮದಲ್ಲಿದ್ದಾಗ, ದಕ್ಷಿಣ ಅಕ್ಷಾಂಶದಲ್ಲಿ, ರೇಖಾಂಶ 180 ದಾಟುವಲ್ಲಿ. ಸೂರ್ಯನ ಪಂಚಾಂಗವನ್ನು ಅದಾದ ಮೇಲೆ ಸೇರಿಸಿ, ಅಚ್ಚಾದ ಅಲ್ಮನಾಕಿನ ನಾಲ್ಕು ಋತುಗಳ ನಾಲ್ಕು ದಿನಗಳಿಗೆ ಹೋಲಿಸಲಿ. ಫೆಬ್ರವರಿ 29 ಅದರಲ್ಲಿ ಒಂದಾಗಿರಲಿ. ಚಂದ್ರನನ್ನು ಕೊನೆಗೆ ಬಿಡಬಹುದು. ಯಂತ್ರದ ಜೊತೆಗೆ ಆ ವರ್ಷದ ಅಲ್ಮನಾಕ್ ಪುಸ್ತಕವೂ ಒಂದು ಚಿಕ್ಕ ಕೋಷ್ಟಕವೂ ಡಬ್ಬಿಯಲ್ಲಿರಲಿ. ಇನ್ನು ಗಡಿಯಾರ: ಅದು ನಾಲ್ಕು ಸೆಕೆಂಡು ತಪ್ಪಿದರೆ ರೇಖಾಂಶ ಒಂದು ಕಲೆ ತಪ್ಪುತ್ತದೆ, ಇದನ್ನು ಯಾವ ಪ್ರೋಗ್ರಾಮೂ ತಾನಾಗಿ ತಿದ್ದಲಾರದು. ಹಾಗಾಗಿ ಕೈಗಡಿಯಾರ ದಿನಕ್ಕೆ ಎಷ್ಟು ಮುಂದೆ ಅಥವಾ ಹಿಂದೆ ಹೋಗುತ್ತದೆ ಎಂಬುದನ್ನು ದಡದಲ್ಲಿರುವಾಗಲೇ ಕೆಲವು ವಾರ ಬರೆದಿಟ್ಟು, ಆ ಸಂಖ್ಯೆಯನ್ನೂ ಪ್ರೋಗ್ರಾಂ ಕೇಳುವ ಮೊದಲ ಪ್ರಶ್ನೆಯಾಗಿ ಸೇರಿಸಿಕೊಳ್ಳಬೇಕು.